ಮನೆಯಿಂದ ಕಂಡ ಹಕ್ಕಿಗಳ ವಾರ್ಷಿಕ ಪಟ್ಟಿ

ಮನೆಯ ಕಿಟಕಿ, ಹಿತ್ತಿಲು ಅಥವಾ ತಾರಸಿಯಿಂದ ಒಂದು ವರ್ಷದ ಅವಧಿಯಲ್ಲಿ ಕಣ್ಣಿಗೆ ಬಿದ್ದ ಹಾಗೂ ಕಿವಿಗೆ ಕೇಳಿಸಿದ ಹಕ್ಕಿಗಳನ್ನೆಲ್ಲ ದಿನಾಂಕದೊಡನೆ ಬರೆದಿಟ್ಟು, ವರ್ಷ ಮುಗಿದೊಡನೆ ಆ ಪಟ್ಟಿಯನ್ನು ಮುಚ್ಚಿ ಮತ್ತೆ ಸೊನ್ನೆಯಿಂದ ಆರಂಭಿಸುವ ರೂಢಿ ಪಕ್ಷಿವೀಕ್ಷಕರಲ್ಲಿ ಬಹುಕಾಲದಿಂದ ಇದೆ. ಜೀವಮಾನದಲ್ಲಿ ಕಂಡ ಪ್ರಭೇದಗಳನ್ನು ಒಟ್ಟುಗೂಡಿಸುವ ಪಟ್ಟಿಗೂ ಇದಕ್ಕೂ ಮೂಲಭೂತವಾದ ವ್ಯತ್ಯಾಸವಿದೆ: ಅಲ್ಲಿ ಒಮ್ಮೆ ನಮೂದಾದ ಕಾಗೆಗೆ ಮತ್ತೆಂದೂ ಸ್ಥಾನವಿಲ್ಲ, ಇಲ್ಲಾದರೋ ಕಾಗೆ, ಗೊರವಂಕ, ಪಾರಿವಾಳಗಳು ಪ್ರತಿ ವರ್ಷವೂ ಹೊಸದಾಗಿ ಲೆಕ್ಕಕ್ಕೆ ಬರಬೇಕು. ಅಪರೂಪದ ಹಕ್ಕಿಯನ್ನರಸಿ ಊರೂರು ಸುತ್ತುವವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ನೋಡುವ ಜಾಗ ಬದಲಾಗದೆ, ನೋಡುವವರೂ ನೋಡುವ ಕ್ರಮವೂ ಹೆಚ್ಚು ಬದಲಾಗದೆ ಉಳಿದಾಗ, ಪಟ್ಟಿಯಲ್ಲಿ ಕಾಣುವ ಏರಿಳಿತಕ್ಕೆ ಕಾರಣ ಹಕ್ಕಿಗಳಲ್ಲಿ ಅಥವಾ ಅವುಗಳ ಪರಿಸರದಲ್ಲಿ ಇದ್ದಿರಬೇಕೆಂದು ಊಹಿಸಲು ಆಧಾರ ದೊರೆಯುತ್ತದೆ. ಸುತ್ತಾಟದ ಪಟ್ಟಿಗಳಿಂದ ಈ ಅನುಕೂಲ ಸಿಗುವುದು ಕಡಿಮೆ.

ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ತನ್ನ ಎಸ್ಟೇಟಿನಲ್ಲಿ ವಸಂತದ ಸೂಚನೆಗಳನ್ನು, ಎಂದರೆ ಮೊದಲ ಕವಲುತೋಕೆ ಹಕ್ಕಿ ಕಂಡ ದಿನ, ಕುಕ್ಕೂ ಹಕ್ಕಿ ಮೊದಲು ಕೂಗಿದ ದಿನ, ಮರಗಳು ಚಿಗುರಿದ ದಿನ ಮುಂತಾದವನ್ನು, ವರ್ಷವರ್ಷವೂ ಬರೆದಿಡಲು ತೊಡಗಿದ. ಅವನ ವಂಶಸ್ಥರು ಈ ಕೆಲಸವನ್ನು 1958ರವರೆಗೆ ಮುಂದುವರಿಸಿದರು. ಅದೇ ಶತಮಾನದಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1768ರಿಂದ 1793ರಲ್ಲಿ ತೀರಿಕೊಳ್ಳುವವರೆಗೂ ತನ್ನ ಮನೆ ಹಾಗೂ ತೋಟದ ಸುತ್ತಲಿನ ಜೀವಲೋಕದ ದಿನಚರಿಯನ್ನಿಟ್ಟ. ಅವನ ಕೊನೆಯ ವರ್ಷಗಳಲ್ಲಿ ಇವರಿಬ್ಬರ ನಡುವೆ ಪತ್ರವ್ಯವಹಾರವೂ ನಡೆದಿತ್ತು. ಋತುಗಳಿಗೆ ಹೊಂದಿಕೊಂಡು ಜೀವಿಗಳಲ್ಲಿ ಮರುಕಳಿಸುವ ಘಟನೆಗಳ ಕಾಲವನ್ನು ಅಭ್ಯಸಿಸುವ ಶಾಖೆಗೆ ಇಂದು ಫಿನಾಲಜಿ ಎಂಬ ಹೆಸರಿದ್ದು, ಹವಾಮಾನ ಬದಲಾವಣೆಯನ್ನು ಅಳೆಯುವವರಿಗೆ ಮಾರ್ಷಮ್ ಮನೆತನದ ದಾಖಲೆ ಅಮೂಲ್ಯವಾಗಿ ಪರಿಣಮಿಸಿದೆ. ಬರೆದವರ ಮನಸ್ಸಿನಲ್ಲಿ ಆ ಉದ್ದೇಶದ ಸುಳಿವೂ ಇರಲಿಲ್ಲವೆಂಬುದು ಬೇರೆ ಮಾತು.

ಬೆಂಗಳೂರು ಅಥವಾ ಮೈಸೂರಿನ ಮನೆಯೊಂದರ ಪಟ್ಟಿ ಹೇಗಿರುತ್ತದೆಂದು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾಗೆ, ಹದ್ದು, ಪಾರಿವಾಳ, ಮಡಿವಾಳ, ಕೆಮ್ಮೀಸೆಯ ಪಿಕಳಾರ, ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿ, ದಾಸವಾಳಕ್ಕೆ ಬರುವ ಸೂರಕ್ಕಿ, ಇವೆಲ್ಲ ವರ್ಷವಿಡೀ ಇರುವ ನಿವಾಸಿಗಳಾದ್ದರಿಂದ ಪಟ್ಟಿಯ ಮೊದಲ ವಾರದಲ್ಲೇ ಸೇರಿಬಿಡುತ್ತವೆ. ಬೀದಿಯಲ್ಲೊಂದು ಗಸಗಸೆ ಹಣ್ಣಿನ ಮರವಿದ್ದರೆ ಬದನಿಕೆ ಹಕ್ಕಿಯೂ ಕುಟ್ರು ಹಕ್ಕಿಯೂ ತಪ್ಪುವುದಿಲ್ಲ. ಪಟ್ಟಿಗೆ ಜೀವ ಬರುವುದು ಮಳೆಗಾಲ ಹಿಂದೆಗೆಯುವ ಹೊತ್ತಿಗೆ, ವಲಸೆ ಹಕ್ಕಿಗಳು ಇಳಿದು ಬರುವಾಗ. ಹಿಮಾಲಯದ ತೊರೆಗಳ ಬದಿಯಲ್ಲಿ ಮರಿ ಮಾಡುವ ಬೂದು ಸಿಪಿಲೆ ಸೆಪ್ಟೆಂಬರ್ ಹೊತ್ತಿಗೆ ಇಲ್ಲಿಗೆ ಬಂದು, ಟ್ಯಾಂಕು ಸೋರಿ ಒದ್ದೆಯಾದ ತಾರಸಿಯ ಮೇಲೆ ಹಳದಿ ಹೊಟ್ಟೆ ತೋರಿಸುತ್ತ, ಉದ್ದ ಬಾಲವನ್ನು ಎಡೆಬಿಡದೆ ಕುಣಿಸುತ್ತ ಹುಳ ಹೆಕ್ಕುತ್ತದೆ. ಅದರ ಹಿಂದೆಮುಂದೆಯೇ ಬರುವ ಗ್ರೀನಿಶ್ ವಾರ್ಬ್ಲರ್ ಉಲಿಯಕ್ಕಿಗಳ ಗುಂಪಿಗೆ ಸೇರಿದ, ಏಳೆಂಟು ಗ್ರಾಂ ತೂಗುವ ಪುಟ್ಟ ಹಕ್ಕಿ. ಹಿಮಾಲಯ ಹಾಗೂ ಮಧ್ಯ ಏಷ್ಯಾದ ಕಾಡುಗಳಲ್ಲಿ ಹುಟ್ಟಿ ಚಳಿಗಾಲವನ್ನು ದಕ್ಷಿಣ ಭಾರತದ ಮರಗಳ ನೆತ್ತಿಯಲ್ಲಿ ಕಳೆಯುವ ಇದು, ಎಲೆಯ ಬಣ್ಣದಲ್ಲೇ ಬೆರೆತುಹೋಗುವುದರಿಂದ ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು. ‘ಚಿಸ್ವೀ’ ಎಂಬ ಎರಡು ಸ್ವರದ ಅದರ ಕೂಗು ಒಮ್ಮೆ ಕಿವಿಗೆ ಹತ್ತಿತೆಂದರೆ ಏಪ್ರಿಲ್‌ವರೆಗೂ ಬೀದಿಯ ಮರಗಳಿಂದ ಕೇಳಿಸುತ್ತಲೇ ಇರುತ್ತದೆ. ಅದು ಮೊದಲು ಕೇಳಿಸಿದ ದಿನ ಮತ್ತು ಕೊನೆಗೆ ಕೇಳಿಸಿದ ದಿನ, ಈ ಎರಡೇ ನಮೂದುಗಳು ಹತ್ತು ವರ್ಷ ಸೇರಿದರೆ ಒಂದು ಬೀದಿಯ ಮಟ್ಟಿಗೆ ವಲಸೆಯ ಕಾಲಪತ್ರಿಕೆ ಸಿದ್ಧವಾದಂತೆ. ಮಧ್ಯೆ ಎಂದಾದರೊಂದು ಶರತ್ಕಾಲದಲ್ಲಿ, ಇರುಳಿನಲ್ಲಿ ಪಯಣಿಸುವ ಬಣ್ಣಬಣ್ಣದ ನವರಂಗ ಹಕ್ಕಿ ದಣಿದು ನಗರದ ಕೈತೋಟಕ್ಕೆ ಇಳಿಯುವುದೂ ಉಂಟು.

ಪಟ್ಟಿಯಲ್ಲಿ ಒಂದು ಹೆಸರು ಇಲ್ಲವೆಂದ ಮಾತ್ರಕ್ಕೆ ಆ ಹಕ್ಕಿ ಅಲ್ಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಕೋಗಿಲೆ ಇದಕ್ಕೆ ಒಳ್ಳೆಯ ಉದಾಹರಣೆ: ಅದು ವರ್ಷವಿಡೀ ಇಲ್ಲೇ ಇದ್ದರೂ ಸಂತಾನಕಾಲ ಮುಗಿದ ಮೇಲೆ ಬಹುಮಟ್ಟಿಗೆ ಮೌನವಾಗಿ ದಟ್ಟ ಎಲೆಗಳ ಮರೆಯಲ್ಲಿರುವುದರಿಂದ, ಚಳಿಗಾಲದ ಪುಟಗಳಲ್ಲಿ ಕಾಣೆಯಾಗಿ ಮಾವು ಹೂಬಿಡುವ ಹೊತ್ತಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗಾಗಿಯೇ ಹೆಸರಿನ ಜೊತೆಗೆ ನೋಡಿದ ಹೊತ್ತು, ಎಷ್ಟು ನಿಮಿಷ ನೋಡಿದ್ದು, ಎಷ್ಟು ಹಕ್ಕಿಗಳಿದ್ದವು, ಕಂಡದ್ದೋ ಕೇಳಿದ್ದೋ ಎಂಬುದನ್ನೂ ಬರೆಯಬೇಕೆಂದು ಅನುಭವಿಗಳು ಹೇಳುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯವು ಆಡುಬಾನ್ ಸೊಸೈಟಿಯ ಜೊತೆಗೂಡಿ 2002ರಲ್ಲಿ ಆರಂಭಿಸಿದ ಇ-ಬರ್ಡ್ ಎಂಬ ದತ್ತಾಂಶ ಸಂಗ್ರಹವು ಇಂಥ ದಾಖಲೆಗಳನ್ನು ಸ್ವೀಕರಿಸುವಾಗ, ಗುರುತು ಹಿಡಿದ ಹಕ್ಕಿಗಳಲ್ಲಿ ಯಾವುದನ್ನೂ ಬಿಡದೆ ಬರೆದ ಪಟ್ಟಿಯೇ ಇದು ಎಂದು ಪ್ರತ್ಯೇಕವಾಗಿ ಕೇಳುತ್ತದೆ. ಏಕೆಂದರೆ ಕಂಡದ್ದೆಲ್ಲವನ್ನೂ ಬರೆದಾಗ ಮಾತ್ರ ಬರೆಯದೆ ಉಳಿದದ್ದಕ್ಕೆ ಅರ್ಥ ಬರುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ, 2013ರಿಂದ ಭಾರತವೂ ಪಾಲ್ಗೊಳ್ಳುತ್ತಿರುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಕನಿಷ್ಠ 15 ನಿಮಿಷ ನೋಡಬೇಕೆಂಬ ನಿಯಮವಿದ್ದು, ಮನೆಯ ಪಟ್ಟಿಗೂ ಅದು ಒಳ್ಳೆಯ ಅಳತೆ. ಗುರುತಿಸುವ ಕೆಲಸಕ್ಕೆ ಸಲೀಂ ಅಲಿಯವರ ಕೈಪಿಡಿಯಿದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದೆ.

ಬಿಡಿ ಮನೆಗಳ ಪಟ್ಟಿ ಕಲೆತಾಗ ಏನು ಸಾಧ್ಯವೆಂಬುದಕ್ಕೆ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಯ ಪ್ರಸಂಗ ಸಾಕ್ಷಿ. ಅಲ್ಲಿನ ಪಕ್ಷಿವಿಜ್ಞಾನ ಸಂಸ್ಥೆಯೊಂದು 1995ರಿಂದ ಮನೆತೋಟದ ಹಕ್ಕಿಗಳ ವಾರದ ದಾಖಲೆಯನ್ನು ಸಾಮಾನ್ಯ ಜನರಿಂದ ಸಂಗ್ರಹಿಸುತ್ತ ಬಂದಿತ್ತು. 2005ರ ಸುಮಾರಿಗೆ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಯಿಂದ ಬರುವ ಗಂಟಲು ರೋಗ ಈ ಹಕ್ಕಿಗಳಿಗೆ ಹರಡಿದಾಗ, ತೋಟಗಳಿಂದ ಅವು ಕಣ್ಮರೆಯಾಗುತ್ತಿರುವುದು ಆ ದಾಖಲೆಗಳಲ್ಲೇ ಮೂಡಿಬಂತು. ಕಾಳಿಡುವ ತಟ್ಟೆ ಹಾಗೂ ನೀರಿನ ಬೋಗುಣಿಗಳು ಸೋಂಕನ್ನು ಹರಡುವ ಕಾರಣ ಅವನ್ನು ತೊಳೆದಿಡಬೇಕೆಂಬ ಎಚ್ಚರಿಕೆಯೂ ಅಲ್ಲಿಂದ ಬಲವಾಯಿತು. ನಮ್ಮಲ್ಲಿ ಬೇಸಿಗೆಯಲ್ಲಿ ತಾರಸಿಯ ಮೇಲೆ ನೀರಿಡುವವರೂ ಗಮನಿಸಬೇಕಾದ ಸಂಗತಿಯಿದು. ಭಾರತದಲ್ಲಿ ಪಕ್ಷಿವೀಕ್ಷಕರು ಒದಗಿಸಿದ ಒಂದು ಕೋಟಿಗೂ ಮೀರಿದ ದಾಖಲೆಗಳನ್ನಾಧರಿಸಿ 2020ರಲ್ಲಿ ಹೊರಬಂದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿಯು, ಗುಬ್ಬಚ್ಚಿ ದೊಡ್ಡ ನಗರಗಳಲ್ಲಿ ಇಳಿಮುಖವಾಗಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದು ತೋರಿಸಿ, ಗುಬ್ಬಚ್ಚಿ ಅಳಿದೇಹೋಯಿತೆಂಬ ಪ್ರಚಲಿತ ನಂಬಿಕೆಯನ್ನು ತಿದ್ದಿತು.

ನಿಯಮಗಳ ವಿಚಾರದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಕಿಲ್ಲ. ನೋಡುವವರು ಮನೆಯ ಎಲ್ಲೆಯೊಳಗಿದ್ದರೆ ಸಾಕು, ಹಕ್ಕಿ ಆಕಾಶದಲ್ಲಿ ಹಾದುಹೋದರೂ ನಡೆದೀತು ಎಂಬುದು ಸಾಮಾನ್ಯ ಒಪ್ಪಂದ. ಪಂಜರದಿಂದ ತಪ್ಪಿಸಿಕೊಂಡ ಲವ್‌ಬರ್ಡ್ ಮಾತ್ರ ಲೆಕ್ಕಕ್ಕಿಲ್ಲ.

ನಿಜವಾಗಿ ಚರ್ಚೆಗೆ ಅರ್ಹವಾದದ್ದು ವರ್ಷ ಎಲ್ಲಿಂದ ಆರಂಭವಾಗಬೇಕೆಂಬ ಪ್ರಶ್ನೆ. ಜನವರಿ 1ರಿಂದ ತೊಡಗುವ ಪದ್ಧತಿ ಪಶ್ಚಿಮದಿಂದ ಬಂದದ್ದು. ಚಳಿಗಾಲದ ಅತಿಥಿಗಳು ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ತಂಗುವ ನಮ್ಮ ನಾಡಿನಲ್ಲಿ ಅದು ಒಂದೇ ಚಳಿಗಾಲವನ್ನು ಎರಡು ಪಟ್ಟಿಗಳಿಗೆ ಹರಿದು ಹಂಚುತ್ತದೆ, ಹೀಗಾಗಿ ಒಂದು ಋತುವಿನಲ್ಲಿ ಬಾರದೇ ಹೋದ ಹಕ್ಕಿ ಹಿಂದಿನ ಋತುವಿನ ಜನವರಿಯ ನಮೂದಿನ ನೆರಳಿನಲ್ಲಿ ಮರೆಯಾಗಿಬಿಡಬಹುದು. ವಲಸೆ ಹಕ್ಕಿಗಳು ಊರು ಬಿಟ್ಟು ಮುಂಗಾರು ಆರಂಭವಾಗುವ ಜೂನ್ ತಿಂಗಳಿನಿಂದ ಮುಂದಿನ ಮೇ ಕೊನೆಯವರೆಗೆ ಒಂದು ವರ್ಷವೆಂದು ಎಣಿಸಿದರೆ ಪ್ರತಿ ಚಳಿಗಾಲವೂ ಇಡಿಯಾಗಿ ಒಂದೇ ಪಟ್ಟಿಯೊಳಗೆ ಉಳಿಯುತ್ತದೆ. ಬೇರೆಯವರ ಪಟ್ಟಿಯೊಡನೆ ಹೋಲಿಸಬೇಕಾದವರು ಜನವರಿಯ ಲೆಕ್ಕವನ್ನೂ ಪಕ್ಕದ ಅಂಕಣದಲ್ಲಿ ಇಟ್ಟುಕೊಳ್ಳಬಹುದು. ಪ್ರತಿ ನಮೂದಿಗೂ ದಿನಾಂಕವಿದ್ದರೆ ಒಂದರಿಂದ ಇನ್ನೊಂದನ್ನು ತೆಗೆಯಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ.