ರೀಲ್ಸ್‌ನಲ್ಲಿ ಯಾವ ಕಟ್ ತೋರಿಸುತ್ತೀರಿ?

2020ರಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಈಗ ನಮ್ಮ ಸೆಲೂನ್‌ನವರ ವೀಡಿಯೊಗಳು ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಉಂಟು. ಹಲಾಲ್ ದುಡಿಮೆಗೆ ಪ್ರಚಾರ ಬೇಕು, ನಾವು ಬೇಡ ಎನ್ನುವುದಿಲ್ಲ. ಆದರೆ ಪೆರ್ನಾಲಿನ ಹಿಂದಿನ ರಾತ್ರಿ ಕತ್ತರಿ ಹಿಡಿಯುವುದೋ, ಮೊಬೈಲ್ ಹಿಡಿಯುವುದೋ? ಎರಡು ವಾರ ಮೊದಲೇ ಚಿತ್ರೀಕರಿಸಿಡಿ. ಮೊಬೈಲ್ ಉದ್ದಕ್ಕೆ ನಿಲ್ಲಿಸಿ. ಮೊದಲಿನ ತಲೆ, ಆಮೇಲಿನ ತಲೆ, ಅರ್ಧ ನಿಮಿಷ ಸಾಕು. ಹಾಡು ಯಾಕೆ, ಕತ್ತರಿಯ ಸದ್ದೇ ಚಂದ. ಮಕ್ಕಳ ಮುಖ ಮಾತ್ರ ಹೆತ್ತವರನ್ನು ಕೇಳದೆ ಹಾಕಬೇಡಿ ಮಾರ್ರೆ.

ಇನ್ನೊಂದು ಉಂಟು. ತಲೆಯ ಒಂದು ಭಾಗ ಬೋಳಿಸಿ ಉಳಿದದ್ದನ್ನು ಬಿಡುವುದನ್ನು ಪ್ರವಾದಿ(ಸ) ತಡೆದದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ರೀಲ್ ನೋಡಿದ ಹುಡುಗ ಅದನ್ನೇ ಮಾಡಿಸಿಕೊಂಡು ಟೊಪ್ಪಿಯೊಳಗೆ ಅಡಗಿಸಿ ಮದ್ರಸಕ್ಕೆ ಬರುತ್ತಾನೆ. ಅವನಿಗೆ ಬೈಯುವುದು ನಾವು, ಲೈಕ್ ಸಿಗುವುದು ನಿಮಗೆ!