ಉಪ್ಪುಮೂಟೆ ಏರಿದ ವಿಮಾನ

ಆ ಕಪ್ಪು-ಬಿಳುಪು ಫೋಟೋವನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ನಾಲ್ಕು ಎಂಜಿನ್ನುಗಳ ದೈತ್ಯ ಬಾಂಬರ್. ಅದರ ಬೆನ್ನ ಮೇಲೆ, ಕಂಬಿಗಳ ಆಸರೆಯಲ್ಲಿ, ರೆಕ್ಕೆಗಳನ್ನು ಹಿಂದಕ್ಕೆ ಚಾಚಿ ಕೂತ ಒಂದು ಪುಟ್ಟ ವಿಮಾನ; ಅಪ್ಪನ ಬೆನ್ನಿಗೆ ಉಪ್ಪುಮೂಟೆಯಾದ ಮಗುವಿನ ಹಾಗೆ.

ಹೊತ್ತದ್ದು ಹೈಂಕೆಲ್ 274. ಜರ್ಮನರಿಗಾಗಿ ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ ತಯಾರಾಗುತ್ತಿದ್ದ ವಿಮಾನ. 1944ರಲ್ಲಿ ಜರ್ಮನರು ಬಿಟ್ಟು ಹೋದ ಮೇಲೆ ಫ್ರೆಂಚರು ಅದನ್ನು ಪೂರ್ತಿ ಮಾಡಿ, ಮರುವರ್ಷ ಡಿಸೆಂಬರಿನಲ್ಲಿ ಹಾರಿಸಿದರು. ಬೆನ್ನೇರಿದ್ದು ಎಸ್‌ಒ ಎಂ-1. ಅದಕ್ಕೆ ಎಂಜಿನ್ನೇ ಇಲ್ಲ. ಮೇಲಕ್ಕೆ ಒಯ್ದು ಬಿಟ್ಟರೆ, ಒಳಗಿರುವ ಪೈಲಟ್ ತೇಲಿಸಿಕೊಂಡು ಕೆಳಗಿಳಿಸಬೇಕು.

ಫ್ರೆಂಚ್ ಸರ್ಕಾರಿ ಕಂಪನಿ ಎಸ್‌ಎನ್‌ಸಿಎಎಸ್‌ಒ ಆಗ ಎಸ್‌ಒ 4000 ಎಂಬ ಜೆಟ್ ಬಾಂಬರಿನ ಕನಸಿನಲ್ಲಿತ್ತು. ಆದರೆ ನಾಲ್ಕು ವರ್ಷ ಪರರ ಆಳ್ವಿಕೆಯಲ್ಲಿ ಕಳೆದ ದೇಶ ಅದು; ಜೆಟ್ ವಿದ್ಯೆಯಲ್ಲಿ ಹಿಂದೆ ಬಿದ್ದಿತ್ತು. ಶಬ್ದದ ವೇಗ ಹತ್ತಿರವಾದಾಗ ಹಿಂಬಾಗಿದ ರೆಕ್ಕೆಯ ಮೇಲೆ ಗಾಳಿ ಏನೇನು ಮಾಡುತ್ತದೆಂದು ತಿಳಿಯುವುದು ಹೇಗೆ? ಅಂದಿನ ಗಾಳಿಸುರಂಗಗಳಲ್ಲಿ ಆ ವೇಗಕ್ಕೆ ಹರಿವೇ ಕಟ್ಟಿಕೊಳ್ಳುತ್ತಿತ್ತು. ಆಸ್ಟ್ರಿಯಾದ ಟಿರೋಲ್‌ನಿಂದ ಬಿಡಿಭಾಗಗಳನ್ನು ತಂದು ಆಲ್ಪ್ಸ್ ಮಡಿಲಿನ ಮೊದಾನ್‌ನಲ್ಲಿ ಕಟ್ಟಿದ ಭಾರೀ ಸುರಂಗ ಶುರುವಾದದ್ದು 1952ರಲ್ಲಿ. ಅಲ್ಲಿಯವರೆಗೆ ಆಕಾಶವೇ ಪ್ರಯೋಗಶಾಲೆ.

ಹಾಗಾಗಿ ಎಸ್‌ಒ 4000ರ ಅರ್ಧ ಅಳತೆಯ ವಿಮಾನ. ಉದ್ದ ಅರ್ಧಕ್ಕಿಳಿದರೆ ರೆಕ್ಕೆಯ ವಿಸ್ತೀರ್ಣ ಕಾಲು ಭಾಗ, ಗಾತ್ರ ಎಂಟನೇ ಒಂದು ಭಾಗ. ಖರ್ಚು ಕಡಿಮೆ, ಒಂದೇ ಎಂಜಿನ್ ಸಾಕು. ಆದರೆ ಪೈಲಟ್ ಮಾತ್ರ ಅರ್ಧವಾಗುವುದಿಲ್ಲ! ಅವನ ಭುಜ, ಮೊಣಕಾಲು, ಜೀವ ಎಲ್ಲವೂ ಪೂರ್ಣ ಅಳತೆಯವೇ. ಆ ಇಕ್ಕಟ್ಟಿನಲ್ಲಿ ಕೂತವರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಎಂ-1ರ ತಮ್ಮ ಎಂ-2ಕ್ಕೆ ರೋಲ್ಸ್‌ರಾಯ್ಸ್ ಡರ್ವೆಂಟ್ ಜೆಟ್ ಕೂರಿಸಿದರು. 1949ರ ಏಪ್ರಿಲ್ 13ರಂದು ಅದನ್ನು ಮೊದಲ ಸಲ ಮೇಲೇರಿಸಿದವರು ದಾನಿಯೆಲ್ ರಾಸ್ತೆಲ್. 1946ರಲ್ಲಿ ಫ್ರಾನ್ಸಿನ ಮೊಟ್ಟಮೊದಲ ಜೆಟ್ 'ಟ್ರಿಟನ್' ಹಾರಿಸಿದ್ದವರೂ ಅವರೇ. 1950ರ ಮೇ ತಿಂಗಳಲ್ಲಿ ಈ ಪುಟಾಣಿ ಗಂಟೆಗೆ 1000 ಕಿಲೋಮೀಟರ್ ದಾಟಿತು. ಫ್ರಾನ್ಸಿನ ಯಾವ ವಿಮಾನವೂ ಅದಕ್ಕೂ ಮೊದಲು ಆ ಗಡಿ ಮುಟ್ಟಿರಲಿಲ್ಲ.

ದೊಡ್ಡಣ್ಣನ ಕಥೆ ಬೇರೆ. ಎರಡು ನೀನ್ ಎಂಜಿನ್ನುಗಳ ಎಸ್‌ಒ 4000, ನೆಲದ ಮೇಲೆ ಓಡಿಸಿ ನೋಡುವಾಗಲೇ ಚಕ್ರದ ಕಾಲು ಮುರಿದುಕೊಂಡು ಕುಸಿಯಿತು. ರಿಪೇರಿಯಾಗಿ 1951ರ ಮಾರ್ಚ್ 15ರಂದು ಹಾರಿತು. ಅದೊಂದೇ ಸಲ. ಮರುವರ್ಷದ ಅಕ್ಟೋಬರಿನಲ್ಲಿ ಅದೇ ಕಂಪನಿಯ 'ವೋತೂರ್' ಗಗನಕ್ಕೇರಿತು, ಸೈನ್ಯಕ್ಕೂ ಸೇರಿತು.

ಉಪ್ಪುಮೂಟೆ ಹೊತ್ತ ಹೈಂಕೆಲನ್ನು 1953ರಲ್ಲಿ ಒಡೆದು ಗುಜರಿಗೆ ಹಾಕಿದರು.