ಪಾಡ್ ಪೆಂಡಿಂಗ್ ಅಂದಾಗ ಡಿಸ್ಕ್ ಎಲ್ಲಿದೆ ನೋಡಿ

ಬಿಂಡಿಗನವಿಲೆಯ ಮನೆಯಿಂದಲೇ ಬೆಂಗಳೂರಿನ ಆಫೀಸಿಗೆ ಕೆಲಸ ಮಾಡೋ ನನ್ನ ಗೆಳೆಯ ಹೋದ ವಾರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಮೂರು ಸರ್ವರಲ್ಲಿ ಒಂದು ಮಲಗಿದೆ ಕಣೋ. ಎರಡು ಖಾಲಿ ಇದ್ರೂ ಡೇಟಾಬೇಸ್ ಪಾಡ್ ಪೆಂಡಿಂಗ್ ಅಂತಿದೆ. ಪಿವಿಸಿ ಅಳಿಸಿ ಹೊಸದು ಹಾಕ್ಲಾ?"

"ಮುಟ್ಟಬೇಡ" ಅಂದೆ.

ಕ್ಯೂಬರ್ನೆಟಿಸ್ ಇರೋದೇ ಒಂದು ಸರ್ವರ್ ಬಿದ್ದರೆ ಕೆಲಸವನ್ನು ಇನ್ನೊಂದಕ್ಕೆ ಸಾಗಿಸೋಕೆ. ಆದರೆ ಡೇಟಾ ಹಾಗೆ ಸಾಗಲ್ಲ. ನಮ್ಮ ಕಡೆ ಹಿಂದೆ ರಾಗಿ ತುಂಬಿಡ್ತಿದ್ದ ಹಗೇವು ನೆನಪಿಸಿಕೊಳ್ಳಿ. ಒಲೆ ಯಾವ ಮನೆಯಲ್ಲಾದರೂ ಹಚ್ಚಬಹುದು, ಹಗೇವು ಮಾತ್ರ ತೋಡಿದ ಜಾಗದಲ್ಲೇ ಇರುತ್ತೆ. ಗೆಳೆಯನ ಬಳಿ ಇದ್ದದ್ದು ಓಪನ್‌ಇಬಿಎಸ್‌ನ ಲೋಕಲ್ ಪಿವಿ. ಅದನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಎಂಜಿನಿಯರುಗಳು ಬಹಳ ಮಂದಿ. 2019ರಲ್ಲಿ ಅದು ಸಿಎನ್‌ಸಿಎಫ್ ಸೇರಿತು. ಲೋಕಲ್ ಪಿವಿ ಅಂದ್ರೆ ಡೇಟಾ ಆ ಒಂದೇ ಸರ್ವರಿನ ಡಿಸ್ಕಿನಲ್ಲಿ. ವೇಗ ಚೆನ್ನಾಗಿರುತ್ತೆ, ಕಟ್ಟು ಬಿಗಿಯಾಗಿರುತ್ತೆ.

ಪಿವಿಸಿ ಅನ್ನೋದು 'ಇಷ್ಟು ಜಾಗ ಬೇಕು' ಅನ್ನೋ ಅರ್ಜಿ, ಪಿವಿ ಮಂಜೂರಾದ ಜಾಗ. ಆ ಜಾಗ ಎಲ್ಲಿದೆ ಅಂತ ನೋಡೋದು ಹೇಗೆ? 'ಕ್ಯೂಬ್‌ಸಿಟಿಎಲ್ ಗೆಟ್ ಪಿವಿ' ಅಂದ್ರೆ (ಕ್ಯೂಬ್‌ಕಟಲ್ ಅನ್ನೋರೂ ಇದ್ದಾರೆ, ಜಗಳ ಬೇಡ) ಅಳತೆ, ಸ್ಥಿತಿ, ಯಾರ ಅರ್ಜಿ ಇವೆಲ್ಲ ಬರುತ್ತೆ. ಯಾವ ಸರ್ವರ್ ಅನ್ನೋದು ಬರಲ್ಲ. ಎಷ್ಟೋ ಜನ ಎಡವೋದು ಇಲ್ಲೇ. 'ಡಿಸ್ಕ್ರೈಬ್ ಪಿವಿ' ಅಂತ ಹೇಳಿ ಪಿವಿ ಹೆಸರು ಕೊಡಿ. ಅದರಲ್ಲಿ 'ನೋಡ್ ಅಫಿನಿಟಿ', ಅದರ ಕೆಳಗೆ 'ರಿಕ್ವೈರ್ಡ್ ಟರ್ಮ್ಸ್', ಅಲ್ಲಿ ಹೋಸ್ಟ್‌ನೇಮ್ ಇರುತ್ತೆ. ಅದೇ ನಿಯಮ: ಈ ಡಿಸ್ಕ್ ಬೇಕಾದ ಪಾಡ್ ಅಲ್ಲೇ ಓಡಬೇಕು.

ಗೆಳೆಯ ನೋಡಿದ. ಮಲಗಿದ್ದ ಸರ್ವರಿನ ಹೆಸರೇ. ಪಾಡನ್ನು ಡಿಸ್ಕ್ರೈಬ್ ಮಾಡಿದಾಗಲೂ ಕೊನೆಯ 'ಈವೆಂಟ್ಸ್' ಭಾಗದಲ್ಲಿ ಉಳಿದೆರಡು ಸರ್ವರಿಗೆ 'ವಾಲ್ಯೂಮ್ ನೋಡ್ ಅಫಿನಿಟಿ ಕಾನ್ಫ್ಲಿಕ್ಟ್' ಅಂತಿತ್ತು.

ನನಗೆ ಹೆದರಿಕೆ ಇದ್ದದ್ದು ಇನ್ನೊಂದು ಸಾಲಿನದು. 'ರಿಕ್ಲೇಮ್ ಪಾಲಿಸಿ' ಓದು ಅಂದೆ. "ಡಿಲೀಟ್" ಅಂದ. ತಾನಾಗಿ ಹುಟ್ಟೋ ಪಿವಿಗಳಿಗೆ ಬೇರೆ ಹೇಳದಿದ್ದರೆ ಇದೇ ಇರುತ್ತೆ. ಅಂದ್ರೆ ಪಿವಿಸಿ ಅಳಿಸಿದರೆ ಹಿಂದಿನ ಡೇಟಾವನ್ನೂ ಅಳಿಸು ಅಂತ ಹೇಳಿದ ಹಾಗೆ. ಮೊದಲು ಅದನ್ನು 'ರಿಟೇನ್' ಮಾಡಿಸಿದೆ. ಡಿಸ್ಕೇ ಸುಟ್ಟಿದ್ದರೆ ಇದೂ ಉಪಯೋಗಕ್ಕಿಲ್ಲ, ಬ್ಯಾಕಪ್ಪೇ ಗತಿ. ಅವನದ್ದು ಎಷ್ಟು ಹಳೇದು ಅಂತ ಕೇಳಿದೆ; ಉತ್ತರ ಬರಲಿಲ್ಲ.

ಬೆಳಿಗ್ಗೆ ಆಫೀಸಿನವರು ಆ ಸರ್ವರಿಗೆ ಹೊಸ ಪವರ್ ಸಪ್ಲೈ ಹಾಕಿದ್ರು. ಅದು ಎದ್ದ ಸ್ವಲ್ಪ ಹೊತ್ತಿಗೆ ಪಾಡ್ ತಾನಾಗೇ ರನ್ನಿಂಗ್ ಆಯ್ತು.